ಮುಟ್ಟಬಾರದ ಕೀ

ಆಯುಧಪೂಜೆಯ ದಿನ ಗಿರಿಜವ್ವ ತೀರಿಹೋದ ಅಪ್ಪನ ಕೈಗಡಿಯಾರವನ್ನು ಬೀರುವಿನಿಂದ ತೆಗೆದಳು. ಅವ್ವ ಬಿಟ್ಟುಹೋದ ಈಳಿಗೆಯ ಪಕ್ಕದಲ್ಲಿಟ್ಟು ಎರಡಕ್ಕೂ ಕುಂಕುಮ ಹಚ್ಚಿದಳು. ಗಡಿಯಾರ ಸಿಟ್ಟಿನಿಂದ ಕುದಿಯುತ್ತಿತ್ತು.

“ನಿನಗೇನು ಕಡಿಮೆಯಾಗಿದೆ, ಮಹಾರಾಯ? ರೇಷ್ಮೆ ಬಟ್ಟೆಯಲ್ಲಿ ಮಲಗುತ್ತೀಯ,” ಎಂದಿತು ಈಳಿಗೆ.

“ಹೆಣವನ್ನೂ ಬಟ್ಟೆಯಲ್ಲೇ ಸುತ್ತುತ್ತಾರೆ,” ಎಂದಿತು ಗಡಿಯಾರ. “ಯಜಮಾನರು ದಿನಾ ಚಹಾ ಕುಡಿದೊಡನೆ ನನಗೆ ಕೀ ಕೊಡುತ್ತಿದ್ದರು. ಈಗ ಅಪ್ಪನ ಬೆರಳು ತಾಗಿದ ಕೀಯನ್ನು ಬೇರೆ ಯಾರೂ ಮುಟ್ಟಬಾರದಂತೆ. ಒಳಗೆ ಎಣ್ಣೆ ಒಣಗುತ್ತಿದೆ. ಇನ್ನೊಂದು ವರ್ಷ ಹೀಗೇ ಇಟ್ಟರೆ ನಾನು ಮತ್ತೆಂದೂ ಓಡಲಾರೆ.”

“ಅವ್ವನ ಕೈ ತಾಗಿದ ನನ್ನ ಮೇಲೆ ದಿನಾ ಸೊಪ್ಪು ಹೆಚ್ಚುತ್ತಾಳಲ್ಲ?”

“ಹೆಚ್ಚದಿದ್ದರೆ ಮನೆಮಂದಿ ಉಪವಾಸ ಬೀಳುತ್ತಾರೆ. ನಾನು ಸತ್ತರೆ ಇವಳಿಗೆ ಅಳಲು ಇನ್ನೊಂದು ನೆವ ಸಿಗುತ್ತದೆ, ಅಷ್ಟೇ.”

ಮರುದಿನ ಬೆಳಿಗ್ಗೆ ಈಳಿಗೆ ಕುಂಕುಮದ ಸಮೇತ ಅಡುಗೆಮನೆಗೆ ಹೋಯಿತು. ಸಂಜೆ ಬನ್ನಿ ಕೊಡಲು ಹೊರಟ ಗಿರಿಜವ್ವ ಗಡಿಯಾರವನ್ನು ಕಣ್ಣಿಗೊತ್ತಿಕೊಂಡು, ರೇಷ್ಮೆಯಲ್ಲಿ ಬಿಗಿಯಾಗಿ ಸುತ್ತುತ್ತ, ಪಕ್ಕದ ಮನೆಯವಳನ್ನು ಕೂಗಿದಳು:

“ಸಾವಂತ್ರೆವ್ವಾ, ಗಂಟೆ ಎಷ್ಟಾತವ್ವಾ? ನಮ್ಮನಿಯಾಗ ಒಂದು ಗಡಿಯಾರನೂ ಇಲ್ಲ ನೋಡು.”