ಹದಿನೇಳು ಜನ ಬಿದ್ದ ಗೋಪುರ

ದೊರೆ ಸುಳ್ಳು ಹೇಳಿದ. ಅವನ ಹೊಸ ಗೋಪುರದಿಂದ ಹದಿನೇಳು ಕೂಲಿಯವರು ಬಿದ್ದು ಸತ್ತರು. ಬೆಟ್ಟದ ರಾಕ್ಷಸ ಅವರನ್ನು ಎಳೆದು ಕೆಡವಿದ ಎಂದ. ಹದಿನೇಳನೆಯವನಾದ ಹುಲುಗ ಕುಡಿದಿದ್ದ ಎಂದೂ ಸೇರಿಸಿದ.

ಸುದ್ದಿ ಕೇಳಿದ ರಾಕ್ಷಸ ಸಿಟ್ಟಿನಿಂದ ಇಳಿದು ಬಂದು ಗೋಪುರದ ಬುಡದಲ್ಲಿ ಕೂತು, ತನ್ನ ಮೂರು ಒಗಟು ಬಿಡಿಸುವವರೆಗೆ ಏಳುವುದಿಲ್ಲ ಎಂದ. ದೊರೆ ಊರಲ್ಲಿ ಡಂಗುರ ಹೊಡೆಸಿದ: "ಕೇಳ್ರಪ್ಪೋ ಕೇಳಿ! ರಾಕ್ಷಸನ ಮೂರು ಒಗಟು ಬಿಡಿಸಿದವರಿಗೆ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದವರು ಅವನ ಬಾಯಿಗೆ!"

ಆಗ ಕೂಲಿಯಾಳು ದುರುಗ ಗೋಪುರದ ಮೇಲೆ ಒಬ್ಬನೇ ಸಾರವೆ ಕಟ್ಟುತ್ತಿದ್ದ. ಗೋಡೆ ಕಟ್ಟುವವರು ನಿಲ್ಲಲೆಂದು ಬಿದಿರಿಗೆ ಹಗ್ಗ ಬಿಗಿದು ಮಾಡುವ ಆ ಅಟ್ಟ ಇಬ್ಬರ ಕೆಲಸ. ಒಬ್ಬ ಗಂಟು ಹಾಕಬೇಕು, ಇನ್ನೊಬ್ಬ ಜಗ್ಗಿ ನೋಡಿ "ಹೂಂ" ಅನ್ನಬೇಕು. ದುರುಗನ ಜೊತೆಗಾರ ಹುಲುಗ ಈಗ ಇಲ್ಲ. ಆದರೂ ಪ್ರತಿ ಗಂಟಿಗೂ ದುರುಗ ಒಂದು ಗಳಿಗೆ ಕಾಯುತ್ತಿದ್ದ. ಗಾಳಿ ಬೀಸುತ್ತಿತ್ತು, ಅಷ್ಟೇ.

ಕೆಳಗೆ ಮೊದಲು ಬಂದವನು ಜರಿಪೇಟದ ಪಾಳೇಗಾರನ ಮಗ.

"ಈ ಗೋಪುರದೊಳಗೆ ಒಂದು ಬಾಗಿಲಿದೆ. ಕಂಡವನು ಹೊಗುವುದಿಲ್ಲ. ಕಾಣದೆ ಹೊಕ್ಕವನು ತಿರುಗಿ ಬರುವುದಿಲ್ಲ. ಯಾವುದು?" ರಾಕ್ಷಸ ಕೇಳಿದ.

"ಯಮನ ಬಾಗಿಲು!"

"ಹೊಸದೇನಾದರೂ ಹೇಳಬಾರದೇನಯ್ಯ?" ಎಂದು ಪೇಟದ ಸಮೇತ ನುಂಗಿದ.

ಆಸ್ಥಾನ ಪಂಡಿತ ಬಂದು "ವಿಧಿಯ ಬಾಗಿಲು" ಎಂದ. ಅವನ ಶಾಲು ಮಾತ್ರ ಉಳಿಯಿತು.

ದುರುಗ ಇಳಿದು ಬಂದ. ಮೇಸ್ತ್ರಿ ನಕ್ಕ: "ನಿನಗ್ಯಾಕೋ ರಾಜಕುಮಾರಿ? ಮೊದಲು ಮೈಮೇಲಿನ ಸುಣ್ಣ ತೊಳಕೋ ಹೋಗು."

"ರಾಜಕುಮಾರಿ ಬೇಡ ಮೇಸ್ತ್ರಿ. ಹುಲುಗ ಕುಡಿದಿರಲಿಲ್ಲ. ಅಷ್ಟು ಹೇಳೋಕೆ ಬಂದೆ."

ರಾಕ್ಷಸನತ್ತ ತಿರುಗಿದ. "ಆ ಬಾಗಿಲು, ಕಲ್ಲು ಮೇಲಕ್ಕೆಳೆಯಲು ಮೇಲಂತಸ್ತಿನ ನೆಲದಲ್ಲಿ ಬಿಟ್ಟ ಕಿಂಡಿ. ಮುಚ್ಚಲು ಹಲಗೆ ಕೇಳಿದೆವು, ಚಾಪೆ ಹಾಸಿದರು. ಆರು ಜನ ಅದರ ಮೇಲೆ ಕಾಲಿಟ್ಟರು."

ರಾಕ್ಷಸ ಸರಿಯೆಂದು ತಲೆಯಾಡಿಸಿದ. "ಏಳಂತಸ್ತು ಹತ್ತಿದರೂ ದಣಿವೆನ್ನದು. ದಣಿದ ದಿನ ಮನುಷ್ಯನನ್ನು ಕೈಬಿಡುತ್ತದೆ. ಯಾವುದು?"

ದುರುಗ ತನ್ನ ಅಂಗೈ ನೋಡಿಕೊಂಡ. "ಹಗ್ಗ. ಉಳಿದ ಹನ್ನೊಂದು ಜನ ಅದು ಹರಿದೇ ಬಿದ್ದರು. ಕೆಳಗಿನ ಹಳೆಯದನ್ನೇ ಬಿಚ್ಚಿ ಮೇಲೆ ಕಟ್ಟಿಸುತ್ತಿದ್ದರು. ಎಳೆ ಕೊಳೆತದ್ದು ನನ್ನ ಕೈಗೆ ಗೊತ್ತಾಗಿತ್ತು. ಮೇಸ್ತ್ರಿ ಕಟ್ಟು ಅಂದರು, ಕಟ್ಟಿದೆ. ಹುಲುಗ ಜಗ್ಗಿ ನೋಡಿದ. ಹೂಂ ಅನ್ನಲಿಲ್ಲ. ಆದರೂ ಅವನನ್ನು ಹತ್ತಿಸಿದರು."

ಮೇಸ್ತ್ರಿ ನೆಲ ನೋಡಿದ.

"ಕೊನೆಯದು," ಎಂದ ರಾಕ್ಷಸ ಮೆಲ್ಲಗೆ. "ಒಮ್ಮೆಯೂ ಮೇಲೆ ಹತ್ತದೆ, ಯಾರನ್ನೂ ಮುಟ್ಟದೆ, ಹದಿನೇಳು ಜನರನ್ನು ತಳ್ಳಿದ ಕೈ ಯಾವುದು?"

ದುರುಗ ಎದುರಿನ ಅರಮನೆಯ ಉಪ್ಪರಿಗೆಯತ್ತ ನೋಡಿದ. ತನ್ನ ಪಕ್ಕದಲ್ಲಿ ಯಾರೂ ಬಂದು ನಿಲ್ಲಲಿಲ್ಲ.

"ಹಬ್ಬದೊಳಗೆ ಗೋಪುರ ಮುಗಿಯಲೇಬೇಕು ಎಂದು ಮುದ್ರೆ ಒತ್ತಿದ ಕೈ. ಹಗ್ಗ ಬದಲಿಸಲು ಒಂದು ದಿನ ಕೇಳಿದೆವು, ಕೊಡಲಿಲ್ಲ. ದೊರೆಯ ಕೈ."

"ನಾನಲ್ಲ ಅಂತ ಈಗಾದರೂ ಗೊತ್ತಾಯಿತಲ್ಲ," ಎಂದು ರಾಕ್ಷಸ ಎದ್ದ.

ಉಪ್ಪರಿಗೆಯಲ್ಲಿದ್ದ ದೊರೆ ಬಿಳಿಚಿಕೊಂಡು ರಾಜಕುಮಾರಿಯನ್ನು ಕರೆಸಹೋದ. ದುರುಗ ಬೇರೆಯದನ್ನೇ ಕೇಳಿದ: ಹುಲುಗ ಕುಡಿದಿರಲಿಲ್ಲವೆಂದು ಡಂಗುರ ಹೊಡೆಯಬೇಕು. ಹೊಸ ಹಗ್ಗ, ಕಿಂಡಿಗೆ ಹಲಗೆ, ಅಂಚಿಗೆ ತಡೆಯಾಗಿ ಅಡ್ಡಬಿದಿರು ಬರುವವರೆಗೆ ಯಾರನ್ನೂ ಹತ್ತಿಸಬಾರದು. ರಾಕ್ಷಸ ಇನ್ನೂ ಅಲ್ಲೇ ನಿಂತಿದ್ದರಿಂದ ದೊರೆ ಒಪ್ಪಿದ.

ಡಂಗುರ ಹೊಡೆದರು. ಹೊಸ ಹಗ್ಗ ಬಂತು. ದುರುಗ ಗಂಟು ಹಾಕಿ ಕಾದ. ಹುಲುಗ ಬರಲಿಲ್ಲ.

ನಿಮ್ಮ ಬೀದಿಯಲ್ಲೂ ಒಂದು ಕಟ್ಟಡ ಏಳುತ್ತಿದೆ. ಇವತ್ತೇ ಹೋಗಿ ತಲೆಯೆತ್ತಿ ನೋಡಿ. ಹಗ್ಗ ಕೊಳೆತಿದ್ದರೆ, ಅಂಚು ಬರಿದಾಗಿದ್ದರೆ, ಕಟ್ಟಿಸುವವನ ಬಾಗಿಲು ತಟ್ಟಿ ಕೆಲಸ ನಿಲ್ಲಿಸಿ. ಅವನು ಏನೇ ಹೇಳಲಿ, ಹೂಂ ಅನ್ನಬೇಡಿ.