ಗಂಟೆ ಬಾರಿಸುವ ಮೊದಲು

ಹೊಳೆಯ ದಂಡೆಯಲ್ಲೊಂದು ಆಶ್ರಮ. ಹೊಳೆಯಿಂದ ಆಶ್ರಮಕ್ಕೆ ಒಂದೇ ಏರುದಾರಿ. ಶಿಷ್ಯ ಕೇದಾರನಿಗೆ ಈಗ ಆ ದಾರಿಯನ್ನು ಕಂಡರೇ ಸಂಕಟ.

ಅಡುಗೆಯ ತಿಮ್ಮಕ್ಕನ ಮೊಮ್ಮಗಳು ಶಾಂಭವಿಗೆ ಏಳು ವರ್ಷ. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಪುಟ್ಟ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ಹೊಳೆ ತೋರಿಸಿ ತರುವುದು ಕೇದಾರನ ಕೆಲಸ. ಪೂಜೆಗೆ ಒಂದು ಕೊಡ ನೀರು ತರುವುದೂ ಅವನದೇ.

ಎರಡೆರಡು ಸಲ ಯಾರು ಹತ್ತಿ ಇಳೀತಾರೆ ಅಂತ ಒಂದು ದಿನ ಈ ಜಾಣ ಉಪಾಯ ಹೂಡಿದ. ತುಂಬಿದ ಕೊಡವನ್ನು ಹಗ್ಗದಿಂದ ಕುರ್ಚಿಯ ಹಿಂದಿನ ಹಿಡಿಗೆ ಕಟ್ಟಿದ. ಅರ್ಧ ದಾರಿ ಹತ್ತಿದಾಗ ಆರತಿಯ ಗಂಟೆ ಕೇಳಿಸಿತು. ನಿಂತ, ಕಣ್ಣು ಮುಚ್ಚಿದ, ಎರಡೂ ಕೈ ಬಿಟ್ಟು ಮುಗಿದ. ಬ್ರೇಕ್ ಹಾಕಿರಲಿಲ್ಲ.

ಕುರ್ಚಿ ಹಿಂದಕ್ಕೆ ಮಗುಚಿತು. ಮಗುವಿನ ತಲೆಗೆ ಕಲ್ಲು ಬಡಿದು ನಾಲ್ಕು ಹೊಲಿಗೆ ಬಿದ್ದವು.

ಗಾಯ ಮಾಯಿತು. ಆದರೆ ಶಾಂಭವಿ ಮತ್ತೆ ಕುರ್ಚಿ ಹತ್ತಲಿಲ್ಲ. ಹೊಳೆ ಅಂದರೆ ಜೀವ ಬಿಡುತ್ತಿದ್ದವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಕೇದಾರ ಗುರುಗಳ ಬಳಿ ಹೋದ.

"ಗುರುಗಳೇ, ಏನಾದರೂ ಪ್ರಾಯಶ್ಚಿತ್ತ ಹೇಳಿ. ಹನ್ನೆರಡು ದಿನದಿಂದ ಒಪ್ಪೊತ್ತು ಉಂಡು ಜಪ ಮಾಡ್ತಿದ್ದೀನಿ. ಮನಸ್ಸಿಗೆ ಸಮಾಧಾನವೇ ಇಲ್ಲ."

"ಯಾರ ಹತ್ತಿರ ಕ್ಷಮೆ ಕೇಳಿದೆ?"

"ದೇವರ ಹತ್ತಿರ."

"ಬಿದ್ದದ್ದು ದೇವರಾ?"

ಕೇದಾರ ತಲೆ ತಗ್ಗಿಸಿದ. "ಆ ಮಗುವಿನ ಮುಖ ನೋಡೋಕೆ ಆಗ್ತಿಲ್ಲ."

ಗುರುಗಳು ಎದ್ದರು. ಉಗ್ರಾಣದಲ್ಲಿದ್ದ ಕುರ್ಚಿಯನ್ನು ತರಿಸಿ ಅಂಗಳದ ಇಳಿಜಾರಿನಲ್ಲಿ ಏರಿನ ಕಡೆಗೆ ಮುಖ ಮಾಡಿ, ಶಾಂಭವಿಗೆ ಕಾಣುವ ಹಾಗೆ ನಿಲ್ಲಿಸಿದರು.

"ತಿಮ್ಮಕ್ಕ, ಮೊಮ್ಮಗಳಷ್ಟು ತೂಗುವ ಅಕ್ಕಿ ಕೊಡು."

"ಅಕ್ಕಿಯನ್ನಾದರೂ ಹುಷಾರಾಗಿ ನೋಡಿಕೊಳ್ಳಪ್ಪ," ಅಂತ ತಿಮ್ಮಕ್ಕ ಕೇದಾರನ ಕೈಗೆ ಮೂಟೆ ಕೊಟ್ಟಳು.

ಕೇದಾರ ಮೂಟೆಯನ್ನು ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದ. ತುಂಬಿದ ಕೊಡವನ್ನು ಹಿಂದೆ ಕಟ್ಟಿದ.

"ಕೈ ಬಿಡು," ಅಂದರು ಗುರುಗಳು.

ಮುಂದಿನ ಗಾಲಿಗಳು ಎದ್ದವು. ಕುರ್ಚಿ ಧಡಾರನೆ ಹಿಂದಕ್ಕೆ ಬಿತ್ತು.

"ಎತ್ತಿ ನಿಲ್ಲಿಸು. ಕೊಡ ಬಿಚ್ಚು. ಎರಡೂ ಗಾಲಿಗೆ ಬ್ರೇಕ್ ಹಾಕು. ಈಗ ಬಿಡು."

ಕುರ್ಚಿ ನಿಂತೇ ಇತ್ತು.

ಶಾಂಭವಿ ಮಲಗಿದ್ದಲ್ಲಿಂದ ಮೊಣಕೈ ಊರಿ ಎದ್ದಳು. "ಕೇದಾರಣ್ಣ, ಹಾಗಾದರೆ ನಾನು ಹಿಂದಕ್ಕೆ ಒರಗಿದ್ದಕ್ಕೆ ಬಿದ್ದದ್ದಲ್ವಾ?"

ಹನ್ನೆರಡು ದಿನ ಆ ಮಗು ತಪ್ಪು ತನ್ನದೇ ಅಂದುಕೊಂಡು ಮಲಗಿತ್ತು. ಕೇದಾರ ಅಷ್ಟೂ ದಿನ ಜಪಮಣಿ ತಿರುಗಿಸುತ್ತಾ ಕೂತಿದ್ದ.

ಹೋಗಿ ಅವಳೆದುರು ಕೂತ. "ನಿಂದೇನೂ ಇಲ್ಲ ಪುಟ್ಟಿ. ಕೊಡ ಕಟ್ಟಿದ್ದು ನಾನು. ಬ್ರೇಕ್ ಹಾಕದೆ ಕೈ ಬಿಟ್ಟದ್ದೂ ನಾನೇ. ಅವತ್ತೇ ಬಂದು ನಿಂಗೆ ಹೇಳಬೇಕಿತ್ತು."

ಅವಳು ಕುರ್ಚಿಯ ಕಡೆ ನೋಡಿದಳು. "ನಾಳೆ ಕೊಡ ಬೇಡ."

"ಬೇಡ. ನೀರಿಗೆ ಮೊದಲೇ ಬೇರೆಯಾಗಿ ಹೋಗಿ ಬರ್ತೀನಿ."

"ಗಂಟೆ ಬಾರಿಸಿದರೆ?"

ಕೇದಾರ ಆಶ್ರಮಕ್ಕೆ ಬಂದ ದಿನವೇ ಗುರುಗಳು ಹೇಳಿದ್ದರು: ಗಂಟೆ ಕೇಳಿದರೆ ಕೈಯಲ್ಲಿ ಏನೇ ಇರಲಿ, ಬಿಟ್ಟು ಕೈ ಮುಗಿ. ಅವನು ಗುರುಗಳ ಕಡೆ ನೋಡಿದ. ಅವರು ಹೊಳೆಯ ಕಡೆ ಮುಖ ತಿರುಗಿಸಿದ್ದರು.

ಮರುದಿನ ಶಾಂಭವಿ ಕುರ್ಚಿ ಹತ್ತಿದಳು. ಇಳಿಯುವಾಗ ಕೇದಾರ ಕುರ್ಚಿಯನ್ನು ತಿರುಗಿಸಿ, ತಾನು ಕೆಳಗಡೆಯಿದ್ದು, ಹಿಂದೆ ಹಿಂದೆ ಹೆಜ್ಜೆಯಿಟ್ಟ.

"ನಂಗೆ ಹೊಳೆ ಕಾಣ್ತಿಲ್ಲ."

"ಕೆಳಗೆ ಹೋದ ಮೇಲೆ ತಿರುಗಿಸ್ತೀನಿ. ಎಷ್ಟು ಹೊತ್ತು ಬೇಕಾದರೂ ನೋಡು."

ನೋಡಿದಳು, ಮನಸಾರೆ.

ವಾಪಸು ಬರುವಾಗ ಆರತಿಯ ಹೊತ್ತಾಯಿತು. ಅರ್ಧ ದಾರಿಗೆ ಬಂದಾಗ ಶಾಂಭವಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಳು. ಕೇದಾರನೂ ಹಿಡಿಯನ್ನು ಬಿಗಿಹಿಡಿದ. ಗಂಟೆ ಕೇಳಿಸಲಿಲ್ಲ.

ಮೇಲೆ ಬಂದು ನೋಡಿದರೆ ಗುರುಗಳು ಗಂಟೆಯ ಹಗ್ಗ ಹಿಡಿದು ನಿಂತಿದ್ದಾರೆ. ಕಣ್ಣು ಒದ್ದೆಯಾಗಿತ್ತು.

"ಗುರುಗಳೇ, ಹೊತ್ತು ಮೀರಿತಲ್ಲ?"

"ಇಲ್ಲಿಂದ ದಾರಿ ಪೂರ್ತಿ ಕಾಣುತ್ತೆ ಕೇದಾರ. ಅವತ್ತೂ ಕಾಣ್ತಿತ್ತು, ನಾನೇ ನೋಡದೆ ಬಾರಿಸಿದೆ. ನೀನು ಬ್ರೇಕ್ ಹಾಕು, ಆಮೇಲೆ ಬಾರಿಸ್ತೀನಿ."