ಅವ್ವನ ಮಾತ್ರೆ, ಕೊಟ್ರನ ಪಾಲು

ಊರ ಕೊನೆಗೊಂದು ಓಣಿ, ಓಣಿ ತುಂಬ ಮಂಡಕ್ಕಿ ಭಟ್ಟಿ. ಆ ಓಣಿಯಲ್ಲಿ ಹಾಲವ್ವ ಅಂತ ಒಬ್ಬಳು. ಗಂಡ ಹೋಗಿ ಬಹಳ ವರ್ಷ ಆಗಿತ್ತು. ಅವಳಿಗೊಬ್ಬ ಮಗ, ಕೊಟ್ರ. ವಯಸ್ಸು ಮೂವತ್ತು ದಾಟಿತ್ತು, ಮೂಟೆ ಹೊರೋದರಲ್ಲಿ ಇಬ್ಬರಾಳಿನ ಕೆಲಸ ಮಾಡುತ್ತಿದ್ದ. ಆದರೆ ಮಾತು ಬಾಯಿಂದ ಹೇಗೆ ಬಿತ್ತೋ ಹಾಗೇ ಅವನ ತಲೆಗೆ ಹೋಗುತ್ತಿತ್ತು. ಒಂದಿಂಚು ಆಚೆಗಿಲ್ಲ, ಒಂದಿಂಚು ಈಚೆಗಿಲ್ಲ.

ಒಂದು ದಿನ ಹಾಲವ್ವ ನೀರಿಗೆ ಹೋಗುವಾಗ ಬಾಣಲೆ ನೋಡ್ತಾ ಇರು ಅಂದಳು. ಕೊಟ್ರ ಕುಕ್ಕರುಗಾಲಲ್ಲಿ ಕೂತು ನೋಡಿದ. ಅಕ್ಕಿ ಅರಳಿತು, ನೋಡಿದ. ಕೆಂಪಾಯಿತು, ನೋಡಿದ. ಕಪ್ಪಾಯಿತು, ಅದನ್ನೂ ನೋಡಿದ. ಅವ್ವ ಬಂದು ಬೈದಳು. ಹೊಗೆ ಕಂಡರೆ ನೀರು ಹಾಕಬೇಕು ಕಣೋ ಅಂದಳು. ಆಗಲಿ ಅಂದ. ಮರುದಿನ ಪಕ್ಕದ ಮನೆ ಫಕ್ಕೀರವ್ವ ಸ್ನಾನಕ್ಕೆ ನೀರು ಕಾಯಿಸಲು ಒಲೆ ಹಚ್ಚಿದ್ದಳು. ಕೊಟ್ರನಿಗೆ ಹೊಗೆ ಕಂಡಿತು, ಒಂದು ಕೊಡ ನೀರು ಹಾಕಿ ಬಂದ. ಫಕ್ಕೀರವ್ವ ಜಗಳಕ್ಕೆ ಬಂದಳು. ಅವ್ವ ಮತ್ತೆ ಬೈದಳು. ಯಾರದು, ಏನು ಅಂತ ಕೇಳಿ ಹಾಕು ಅಂದಳು. ಮೂರನೇ ದಿನ ಭಟ್ಟಿಯ ಹಿಂದೆ ಹೊಟ್ಟಿನ ರಾಶಿಗೇ ಬೆಂಕಿ ಬಿತ್ತು. ಕೊಟ್ರ ಕೊಡ ಹಿಡಿದುಕೊಂಡು, ಈ ರಾಶಿ ಯಾರದು ಅಂತ ಓಣಿಯ ಮನೆಮನೆ ಕೇಳಿಕೊಂಡು ಬಂದ. ಕೊನೆಗೆ ಗೊತ್ತಾಯಿತು, ಅದು ತಮ್ಮದೇ. ಅಷ್ಟೊತ್ತಿಗೆ ಬೂದಿ.

ಇವನನ್ನು ಕಟ್ಟಿಕೊಂಡು ನಾನು ಹೆಂಗೆ ಬಾಳಲಿ ಅಂತ ಹಾಲವ್ವ ಹಣೆ ಹಣೆ ಬಡಿದುಕೊಂಡಳು. ಒಂಬತ್ತು ಕಿಲೋಮೀಟರ್ ಆಚೆಯ ಊರಿಗೆ ಕೊಟ್ಟಿದ್ದ ಮಗಳು ಗಿರಿಜಿ ಫೋನಿನಲ್ಲಿ ಈ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕಿದ್ದು ಕೇಳಿ ಹಾಲವ್ವನಿಗೂ ನಗು ಬಂತು. ಕೊಟ್ರನೂ ನಕ್ಕ, ಯಾಕೆ ಅಂತ ಗೊತ್ತಿಲ್ಲದೆ.

ಆ ವರ್ಷ ಪುಷ್ಯದಲ್ಲಿ ಗಿರಿಜಿಗೆ ಜ್ವರ ಬಂತು. ನಾಲ್ಕನೇ ದಿನಕ್ಕೆ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಹಾಲವ್ವ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹನ್ನೊಂದು ದಿನ ಕಳೆಯಿತು, ಏಳಲಿಲ್ಲ. ತಿಂಗಳಾಯಿತು, ಏಳಲಿಲ್ಲ. ಭಟ್ಟಿ ಕೆಲಸ ಕೊಟ್ರನ ಪಾಲಿಗೆ ಬಂತು. ಒಂದು ದಿನ ಅವನು ಮೂಟೆ ಬಾಯಿ ಕಟ್ಟದೆ ಹೊತ್ತು, ಬಾಗಿಲಿಂದ ಬಂಡಿಯವರೆಗೂ ಮಂಡಕ್ಕಿ ಚೆಲ್ಲಿದ. ಒಳಗೆ ಹೋಗಿ, ಅವ್ವಾ ಚೆಲ್ಲಿಬಿಟ್ಟೆ ಅಂದ. ಹ್ಞೂ ಅಂದಳು. ಪೂರ್ತಿ ಮೂಟೆ ಅವ್ವಾ ಅಂದ. ಅದಕ್ಕೂ ಹ್ಞೂ. ಅವಳು ಬೈಯಲಿ ಅಂತ ಸ್ವಲ್ಪ ಹೊತ್ತು ನಿಂತ. ಬೈಯಲಿಲ್ಲ. ಮುಂದಿನ ಸಲ ಹೇಗೆ ಮಾಡಬೇಕು ಅಂತಲೂ ಹೇಳಲಿಲ್ಲ. ಕೊಟ್ರ, ಹೇಳುವವರು ಯಾರಾದರೂ ಇದ್ದಾರಾ ಅಂತ ಹುಡುಕಿಕೊಂಡು ಹೊರಟ.

ಮೊದಲು ಸಿಕ್ಕಿದ್ದು ಚೀಲ ಹೊಲಿಯುವ ದಾದಾಪೀರ್ ಚಾಚಾ. ನಿಮ್ಮವ್ವನ ಮನಸ್ಸು ಬೇರೆ ಕಡೆ ತಿರುಗಿಸಬೇಕಪ್ಪ, ಆ ಗೋಡೆ ನೋಡ್ತಾ ಬಿಟ್ಟರೆ ಆಗದು ಅಂದರು. ಕೊಟ್ರ ಮನೆಗೆ ಬಂದು ಅವ್ವನ ಸಮೇತ ಮಂಚ ಎತ್ತಿ ಬಾಗಿಲ ಕಡೆಗೆ ತಿರುಗಿಸಿದ. ಹಾಲವ್ವ ಮಗ್ಗುಲು ಬದಲಿಸಿ ಗೋಡೆ ನೋಡಿದಳು. ಕೊಟ್ರ ಮತ್ತೆ ತಿರುಗಿಸಿದ. ಅವಳು ಮತ್ತೆ ಮಗ್ಗುಲಾದಳು. ಬೆಳಗಿನಿಂದ ಸಂಜೆವರೆಗೂ ಮಂಚ ಗಾಣದ ಹಾಗೆ ಸುತ್ತಿತು.

ಮಂಚ ಅಲ್ಲವೋ ಮಾರಾಯ ಅಂತ ದಾದಾಪೀರ್ ಬೈದರು. ಅವಳನ್ನು ನಾಲ್ಕು ಜನರ ನಡುವೆ ಕೂರಿಸು ಅಂತ ಹೇಳಿಕೊಟ್ಟರು. ಕೊಟ್ರ ಬಸ್‌ಸ್ಟ್ಯಾಂಡಿಗೆ ಹೋಗಿ ನಾಲ್ಕು ಜನರನ್ನು ಎಣಿಸಿ ಕರೆತಂದ. ಒಬ್ಬ ಕ್ಷೌರದವನು, ಒಬ್ಬಳು ಬಳೆ ಮಾರುವವಳು, ಇಬ್ಬರು ಯಾವುದೋ ಊರಿಗೆ ಹೋಗಬೇಕಿದ್ದವರು. ನಾಲ್ಕು ಮೂಲೆಗೆ ನಾಲ್ವರನ್ನು ಕೂರಿಸಿ ನಡುವೆ ಅವ್ವನನ್ನು ಎತ್ತಿ ಕೂರಿಸಿದ. ಬಳೆಯವಳು ಸುಮ್ಮನಿರಲಾರದೆ, ಮಗಳು ಏನಾಗಿ ಹೋದಳು ತಾಯಿ, ದೊಡ್ಡಾಸ್ಪತ್ರೆಗೆ ತೋರಿಸಲಿಲ್ಲವಾ ಅಂತ ಕೇಳಿದಳು. ಹಾಲವ್ವ ಸೆರಗು ಎಳೆದು ಮುಖದ ತುಂಬ ಹೊದ್ದಳು. ಅವರೆಲ್ಲ ಹೋದ ಮೇಲೂ ತೆಗೆಯಲಿಲ್ಲ.

ಈ ಸುದ್ದಿ ಓಣಿಯ ಆಶಾ ಕಾರ್ಯಕರ್ತೆ ಚಂದ್ರಕಲಾಗೆ ಮುಟ್ಟಿತು. ಅವಳು ಬಂದು ಹಾಲವ್ವನ ಪಕ್ಕ ಕೂತು, ಕೈ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ಹೊರಗೆ ಬಂದು ಕೊಟ್ರನಿಗೆ ಹೇಳಿದಳು. ಇದು ಸೋಮಾರಿತನ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಸಕ್ಕರೆ ಕಾಯಿಲೆ, ಬೀಪಿ ಇದ್ದ ಹಾಗೆ ಇದೂ ಒಂದು ಕಾಯಿಲೆ. ತಾಲೂಕು ಆಸ್ಪತ್ರೆಗೆ ತಿಂಗಳಲ್ಲಿ ಎರಡು ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ, ಮುಂದಿನ ಮಂಗಳವಾರ ಹೋಗೋಣ. ಅಲ್ಲಿಯವರೆಗೆ ಊರಿನವರನ್ನೆಲ್ಲ ಕರೆದು ಕೂರಿಸಬೇಡ. ಒಬ್ಬಳನ್ನೇ ಬಿಡಲೂ ಬೇಡ. ಪಕ್ಕದಲ್ಲಿರು, ಅವಳ ಮಾತು ಕೇಳು.

ಕೊಟ್ರ ಪಕ್ಕದಲ್ಲಿದ್ದ. ಅವ್ವನ ಮಾತು ಕೇಳಿದ. ಮುದ್ದೆ ಮಾಡಿ ತಂದರೆ ಅವ್ವ, ಬ್ಯಾಡ, ತಗೊಂಡು ಹೋಗು ಅಂದಳು. ತಗೊಂಡು ಹೋದ. ಗಂಜಿ ತಂದ, ಬ್ಯಾಡ ಅಂದಳು. ತಗೊಂಡು ಹೋದ. ಬಾಗಿಲು ಹಾಕು ಅಂದಳು, ಹಾಕಿದ. ಮೂರು ದಿನ ಬಿಟ್ಟು ಚಂದ್ರಕಲಾ ಬಂದಾಗ ಕತ್ತಲೆ ಮನೆಯಲ್ಲಿ ಹಾಲವ್ವನ ತುಟಿ ಒಣಗಿ ಬಿರಿದಿತ್ತು. ನೀನೇ ಹೇಳಿದ್ದೆಯಲ್ಲ ಅಕ್ಕ, ಅವ್ವನ ಮಾತು ಕೇಳು ಅಂತ, ಎಲ್ಲಾ ಕೇಳಿದೆ ಅಂದ ಕೊಟ್ರ. ಚಂದ್ರಕಲಾ ಚಮಚದಲ್ಲಿ ನೀರು ಕುಡಿಸುತ್ತಾ ಬೈದಳು. ಕೇಳು ಅಂದರೆ ಹೇಳಿದ ಹಾಗೆ ಮಾಡು ಅಂತಲ್ಲ. ಅವಳು ಏನಾದರೂ ಹೇಳಿಕೊಂಡಾಗ ಕಿವಿಯಿಂದ ಕೇಳು, ನಡುವೆ ಬಾಯಿ ಹಾಕಬೇಡ ಅಂದಳು. ಆಗಲಿ ಅಂದ.

ಮಂಗಳವಾರ ಮೂವರೂ ಬಸ್ಸಿನಲ್ಲಿ ಹೋದರು. ವಿನುತಾ ಅಂತ ಡಾಕ್ಟರು, ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುವವರು. ಅವರು ಹಾಲವ್ವನನ್ನು ಕೇಳಿದ್ದಕ್ಕೆಲ್ಲ ಚಂದ್ರಕಲಾ ಉತ್ತರ ಹೇಳಿದಳು. ಡಾಕ್ಟರು ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು, ದಿನಾ ಊಟ ಆದ ಮೇಲೆ ಒಂದು, ಗುಣ ಕಾಣೋದಕ್ಕೆ ವಾರಗಳು ಹಿಡಿಯುತ್ತವೆ, ಬಿಡಬಾರದು ಅಂದರು. ದಿನಾ ಸ್ನಾನ ಮಾಡಿಸಿ, ಅರ್ಧ ಗಂಟೆ ಬಿಸಿಲಲ್ಲಿ ನಡೆಸಿ ಅಂದರು. ಜನ ಏನಂದುಕೊಳ್ಳುತ್ತಾರೋ ಅಂತ ನಾಚಿಕೊಳ್ಳಬೇಡಿ, ಯಾವುದನ್ನೂ ಮುಚ್ಚಿಡಬೇಡಿ ಅಂತಲೂ ಅಂದರು.

ಕೊಟ್ರ ಮನೆಗೆ ಬಂದು ಯಾವುದನ್ನೂ ಮುಚ್ಚಿಡಲಿಲ್ಲ. ನೀರಿನ ಕೊಡದ ತಟ್ಟೆ ತೆಗೆದ, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ, ಅವ್ವ ಹೊದ್ದ ಕಂಬಳಿಯನ್ನೂ ತೆಗೆದ. ಅಕ್ಕಿಗೆ ಇಲಿ ಬಿತ್ತು, ಅವ್ವ ಚಳಿಯಲ್ಲಿ ಮುದುಡಿದಳು. ಫಕ್ಕೀರವ್ವ ಬಂದು ಬೈದು ಎಲ್ಲಾ ಮುಚ್ಚಿ ಹೋದಳು. ಬಿಸಿಲಿನ ವಿಷಯದಲ್ಲಾದರೂ ತಪ್ಪಬಾರದು ಅಂತ ಕೊಟ್ರ, ಬಿಸಿಲು ಯಾವಾಗ ಚೆನ್ನಾಗಿರುತ್ತೆ ಅಂತ ನೋಡಿ, ಮಟಮಟ ಮಧ್ಯಾಹ್ನ ಅವ್ವನನ್ನು ಎಬ್ಬಿಸಿಕೊಂಡು ಹೊರಟ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಹಾಲವ್ವ ಓಣಿಯ ಕೊನೆಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಕೂತಳು. ಆವತ್ತು ಬಹಳ ದಿನದ ಮೇಲೆ ಅವಳ ಬಾಯಿಂದ ಒಂದು ಬೈಗುಳ ಬಂತು, ನನ್ನ ಕೊಲ್ತೀಯೇನೋ ಅಂತ. ಕೊಟ್ರನಿಗೆ ಎಷ್ಟು ಸಮಾಧಾನ ಆಯಿತೆಂದರೆ, ಅಲ್ಲೇ ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟ.

ಚಂದ್ರಕಲಾ ಬೈದಳು. ನಡೆಸೋದು ಎಳೆ ಬಿಸಿಲಲ್ಲಿ. ಗಡಿಯಾರ ನೋಡಬೇಡ, ಅವಳನ್ನು ನೋಡು. ಅವಳು ಎಷ್ಟು ದೂರ ನಡೆಯುತ್ತಾಳೋ ಅಷ್ಟೇ ದೂರ ಹೋಗು, ಅವಳು ನಿಂತಲ್ಲಿ ನಿಲ್ಲು ಅಂದಳು.

ದಿನಾ ಬೆಳಿಗ್ಗೆ ಹೊರಟರು. ಮೊದಲ ವಾರ ಹಾಲವ್ವ ಬೇವಿನ ಮರದವರೆಗೆ ನಡೆದಳು, ನಿಂತಳು. ಕೊಟ್ರನೂ ನಿಂತ. ಎರಡನೇ ವಾರ ಕೆರೆ ಏರಿಯವರೆಗೆ ನಡೆದು ನಿಂತಳು. ಮೂರನೇ ವಾರ ಒಂದು ಬೆಳಿಗ್ಗೆ ನಡೆದವಳು ನಿಲ್ಲಲಿಲ್ಲ. ಕೆರೆ ಏರಿ ದಾಟಿತು, ಕಲ್ಲುಕ್ವಾರಿ ದಾಟಿತು, ಊರಿನ ಬೋರ್ಡೂ ದಾಟಿತು. ಬೇರೆ ಯಾರಾದರೂ ಆಗಿದ್ದರೆ, ಎಲ್ಲಿಗವ್ವಾ, ಸಾಕು ತಿರುಗು ಅನ್ನುತ್ತಿದ್ದರು. ಕೊಟ್ರ ನೀರಿನ ಬಾಟಲಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ನಡೆದ. ಒಂಬತ್ತು ಕಿಲೋಮೀಟರ್ ನಡೆದರು. ಮಗಳನ್ನು ಕೊಟ್ಟ ಊರಿನ ಹೊರಗೆ ಒಂದು ಹೊಲ, ಹೊಲದ ಮೂಲೆಗೆ ಇನ್ನೂ ಹುಲ್ಲು ಮೂಡದ ಮಣ್ಣಿನ ದಿಬ್ಬ. ಹಾಲವ್ವ ಅಲ್ಲಿ ಕೂತಳು. ಕೊಟ್ರನೂ ಕೂತ.

ಬಹಳ ಹೊತ್ತಾದ ಮೇಲೆ ಅವಳು ಮಣ್ಣಿಗೆ ಹೇಳಿದಳೋ ಮಗನಿಗೆ ಹೇಳಿದಳೋ, ಅಂತೂ ಹೇಳಿದಳು.

"ಸೋಮವಾರ ಫೋನ್ ಮಾಡಿದ್ಲು. ಅವ್ವಾ, ಜ್ವರ ಬಂದೈತೆ, ಒಂದು ಸಲ ಬಂದು ಹೋಗು ಅಂದ್ಲು. ಅಕ್ಕಿ ನೆನೆಸಿಟ್ಟಿದ್ದೆ. ಬಿಟ್ಟರೆ ಹುಳಿ ಬರ್ತೈತೆ, ಗುರುವಾರ ಬರ್ತೀನಿ ಕಣೆ ಅಂದೆ. ಗುರುವಾರ ಬಂದೆ. ಮಣ್ಣು ಹಾಕೋಕೆ ಬಂದೆ."

ನೀನೇನು ಮಾಡೋಕಾಗ್ತಿತ್ತು, ಬಿಡು ಅಂತ ಬೇರೆ ಯಾರಾದರೂ ಅನ್ನುತ್ತಿದ್ದರು. ಕೊಟ್ರ ಅನ್ನಲಿಲ್ಲ. ಕಿವಿಯಿಂದ ಕೇಳು, ಬಾಯಿ ಹಾಕಬೇಡ ಅಂತ ಚಂದ್ರಕಲಾ ಹೇಳಿದ್ದಳಲ್ಲ. ಹಾಲವ್ವ ಅದೇ ಮಾತು ಎರಡನೇ ಸಲ ಹೇಳಿದಳು. ಕೇಳಿದ. ಮೂರನೇ ಸಲ ಹೇಳುವಾಗ ಮಣ್ಣಿನ ಮೇಲೆ ಬಾಗಿ ಅತ್ತಳು. ಅಷ್ಟು ದಿನ ಗೋಡೆಗೆ ಮುಖ ಮಾಡಿ ಬಿಗಿಹಿಡಿದದ್ದೆಲ್ಲ ಆ ಹೊಲದಲ್ಲಿ ಬಂತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ನೀರು ಕೊಡು ಅಂದಳು. ಕೊಟ್ಟ. ವಾಪಸ್ಸು ಬಸ್ಸಿನಲ್ಲಿ ಬಂದರು.

ಅಲ್ಲಿಗೆ ಎಲ್ಲಾ ಸರಿಹೋಯಿತು ಅಂದರೆ ಸುಳ್ಳು. ಮರುದಿನ ಹಾಲವ್ವ ತಾನೇ ತಲೆಗೆ ನೀರು ಹಾಕಿಕೊಂಡಳು, ಅದರ ಮರುದಿನ ಮತ್ತೆ ಏಳಲೇ ಇಲ್ಲ. ಒಂದು ದಿನ ಉಂಡರೆ ಒಂದು ದಿನ ಇಲ್ಲ. ತಿಂಗಳು ತುಂಬಿದಾಗ ಮತ್ತೆ ಆಸ್ಪತ್ರೆಗೆ ಹೋದರು. ಹೀಗೇ ಏರಿಳಿತ ಇರುತ್ತದೆ, ಹೆದರಬೇಡಿ ಅಂದರು ಡಾಕ್ಟರು. ಇನ್ನೊಂದು ತಿಂಗಳಿನ ಮಾತ್ರೆ ಕೊಟ್ಟರು. ಇದು ಏತಕ್ಕಿರೋ ಮಾತ್ರೆ ಅಂತ ಕೊಟ್ರ ಕೇಳಿದ. ಅವನಿಗೆ ತಿಳಿಯುವ ಹಾಗೆ ಹೇಳಬೇಕಲ್ಲ ಅಂತ ಅವರು, ಯಾರ ಮನಸ್ಸಲ್ಲಿ ದುಃಖ ಕಟ್ಟಿಕೊಂಡು ಬಿಡುವುದೇ ಇಲ್ಲವೋ ಅವರಿಗೆ ಅಂದರು.

ಹದಿನೈದು ದಿನಕ್ಕೇ ಕೊಟ್ರ ಒಬ್ಬನೇ ಮಾತ್ರೆಯ ಖಾಲಿ ಪೊಟ್ಟಣ ಹಿಡಿದು ಬಂದ. ಮಾತ್ರೆ ಮುಗಿದವು ಅಂದ. ಡಾಕ್ಟರಿಗೆ ಗಾಬರಿಯಾಯಿತು. ಅವ್ವ ಒಟ್ಟಿಗೆ ನುಂಗಿದಳಾ ಅಂತ ಕೇಳಿದರು. ಇಲ್ಲ, ದಿನಾ ಅವ್ವಂಗೆ ಒಂದು ಅಂದ. ಹಾಗಾದರೆ ಉಳಿದದ್ದು?

"ನಾನು ತಗೊಂಡೆ. ಊಟ ಆದ ಮೇಲೆ ಒಂದು."

ಡಾಕ್ಟರು ಬೈದರು. ಒಬ್ಬರ ಮಾತ್ರೆ ಇನ್ನೊಬ್ಬರು ಯಾವತ್ತೂ ತಗೋಬಾರದು, ಇದು ಮಂಡಕ್ಕಿ ಅಲ್ಲ ಅಂದರು. ನಿನಗೆ ಯಾಕಪ್ಪ ಬೇಕಿತ್ತು ಅದು ಅಂದರು.

"ದುಃಖ ಇರೋರಿಗೆ ಅಂದ್ರಲ್ಲ ನೀವು. ಗಿರಿಜಿ ಅವ್ವಂಗೆ ಮಗಳು, ನನಗೆ ತಂಗಿ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಇಷ್ಟು ದಿನ ಈ ಮನುಷ್ಯ ಮಂಚ ತಿರುಗಿಸಿದ್ದ, ಗಂಜಿ ಕಾಯಿಸಿದ್ದ, ಬಿಸಿಲಲ್ಲಿ ನಡೆದಿದ್ದ. ನಿನಗೆ ಹೇಗಿದೆ ಅಂತ ದಾದಾಪೀರ್ ಕೇಳಿರಲಿಲ್ಲ, ಚಂದ್ರಕಲಾ ಕೇಳಿರಲಿಲ್ಲ, ಡಾಕ್ಟರೂ ಕೇಳಿರಲಿಲ್ಲ. ಅತ್ತಿದ್ದೀಯಾ ಅಂತ ಕೇಳಿದರು. ಇಲ್ಲ, ಯಾರೂ ಹೇಳಲಿಲ್ಲ ಅಂದ. ಅವರು ಅವ್ವನ ಮಾತ್ರೆ ಮತ್ತೆ ಕೊಟ್ಟು, ಅವನ ಹೆಸರಿನಲ್ಲೇ ಒಂದು ಚೀಟಿ ಬರೆಸಿ, ಬೆಂಚಿನ ಮೇಲೆ ಕೂರಿಸಿಕೊಂಡು ಮಾತಾಡಿಸಿದರು. ಅವನಿಗೆ ಅಳು ಬರಲಿಲ್ಲ. ಪರವಾಗಿಲ್ಲ, ಅಳು ಬಂದಾಗ ತಡೀಬೇಡ, ಇಲ್ಲಿಗೆ ಬಾ, ಇಲ್ಲಿ ಕೂತು ಅಳು ಅಂದರು. ಆಗಲಿ ಅಂದ.

ಐದನೇ ದಿನ ಭಾನುವಾರ. ಕೊಟ್ರ ಭಟ್ಟಿಯ ಮುಂದೆ ಕೂತು ಬಿಸಿ ಮಂಡಕ್ಕಿ ಜರಡಿ ಹಿಡಿಯುತ್ತಿದ್ದ. ಗಿರಿಜಿ ಮನೆಗೆ ಬಂದರೆ ಜರಡಿಯಿಂದಲೇ ಒಂದು ಹಿಡಿ ಕಸಿದು ತಿನ್ನುತ್ತಿದ್ದಳು. ಗೊತ್ತಿಲ್ಲದೆ ಅವನ ಕೈ ಒಂದು ಹಿಡಿ ತೆಗೆದು ಪಕ್ಕಕ್ಕಿಟ್ಟಿತು. ಇಟ್ಟದ್ದು ಇಟ್ಟಲ್ಲೇ ಆರಿತು. ಕೊಟ್ರನಿಗೆ ಅಳು ಬಂತು. ಜರಡಿ ಕೆಳಗಿಟ್ಟ. ಅವ್ವನ ಹತ್ತಿರ ಫಕ್ಕೀರವ್ವನನ್ನು ಕೂರಿಸಿ, ಬಾಯಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ಬಸ್ಸು ಹತ್ತಿದ. ಕಂಡಕ್ಟರ್ ಎಲ್ಲಿಗೆ ಅಂದರೆ ಬಾಯಿ ಬಿಡಲಿಲ್ಲ, ಬಿಟ್ಟರೆ ಅಳು ಅಲ್ಲೇ ಬಂದುಬಿಡುತ್ತದೆ. ಕೈಸನ್ನೆ ಮಾಡಿದ. ಮುಕ್ಕಾಲು ಗಂಟೆ ಕಿಟಕಿ ಕಂಬಿ ಹಿಡಿದು, ಹಲ್ಲು ಕಚ್ಚಿ ಕೂತ.

ಆಸ್ಪತ್ರೆಯಲ್ಲಿ ಆ ಡಾಕ್ಟರ ಕೋಣೆಗೆ ಬೀಗ ಹಾಕಿತ್ತು. ಕೊಟ್ರ ಹೊರಗಿನ ಬೆಂಚಿನ ಮೇಲೆ ಕೂತು ಅತ್ತ. ಆಸ್ಪತ್ರೆಯ ಕಾವಲುಗಾರ ಓಡಿಬಂದು, ಯಾರು ಹೋದರಪ್ಪ, ಯಾವ ವಾರ್ಡು ಅಂತ ಕೇಳಿದ. ತಂಗಿ ಅಂದ ಕೊಟ್ರ. ಯಾವಾಗ ಅಂದ ಕಾವಲುಗಾರ. ಪುಷ್ಯದಲ್ಲಿ ಅಂದ. ಕಾವಲುಗಾರ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಹೋದ. ಬಿಸಿಲು ವರಾಂಡ ದಾಟುವವರೆಗೂ ಕೊಟ್ರ ಅತ್ತ.

ಸಂಜೆ ಕಾವಲುಗಾರ ಮತ್ತೆ ಬಂದು, ಕೊನೆ ಬಸ್ಸು ಹೋಗುತ್ತೆ, ಏಳಪ್ಪ ಅಂದ. ಇನ್ನೂ ಮುಗಿದಿಲ್ಲ, ನಾಳೆ ಬರಲಾ ಅಂತ ಕೊಟ್ರ ಕೇಳಿದ. ಈ ಬಾಗಿಲು ತೆಗೆಯೋದು ಎರಡನೇ ಮಂಗಳವಾರ, ನಾಲ್ಕನೇ ಮಂಗಳವಾರ ಮಾತ್ರ ಅಂದ ಅವನು.

ಕೊಟ್ರ ಬೆರಳು ಮಡಚಿ ದಿನ ಎಣಿಸಿದ. ಒಂಬತ್ತು ದಿನ. ಮುಖ ಒರೆಸಿಕೊಂಡ. ಉಳಿದ ಅಳುವನ್ನು ಆ ಮಂಗಳವಾರಕ್ಕೆ ಅಂತ ಗಂಟಲಲ್ಲೇ ಇಟ್ಟುಕೊಂಡು, ಚೆಲ್ಲದ ಹಾಗೆ ಮೆಲ್ಲಗೆ ನಡೆದುಹೋಗಿ ಬಸ್ಸು ಹತ್ತಿದ.